ಟ್ಯೂಕ್ಸ್‌ಬರಿ ಕದನಕ್ಕೆ ಒಂದು ಬಟ್ಟೆಯ ಕವಚ

ಜುಲೈ ವಾರಾಂತ್ಯಕ್ಕೆ ಕವಚ ತಯಾರಾಗಬೇಕಿತ್ತು. ಕಬ್ಬಿಣದ ಕವಚವಲ್ಲ, ಬಟ್ಟೆಯದು. ಲಿನನ್ ಬಟ್ಟೆಯನ್ನು ಪದರದ ಮೇಲೆ ಪದರ ಪೇರಿಸಿ, ಕೈಯಲ್ಲೇ ಹೊಲಿದು ಮಾಡುವ ದಪ್ಪ ಅಂಗಿ. ಹದಿನೈದನೇ ಶತಮಾನದ ಇಂಗ್ಲೆಂಡಿನಲ್ಲಿ ಸಾಮಾನ್ಯ ಕಾಲಾಳುಗಳು ಇಂಥದ್ದನ್ನು ತೊಟ್ಟು ಯುದ್ಧಕ್ಕೆ ಹೋಗುತ್ತಿದ್ದರು. ಇದಕ್ಕೆ ಜ್ಯಾಕ್ ಅಂತ ಹೆಸರು. ಇದನ್ನು ಹೇಗೆ ಹೊಲಿದೆ, ಮೈದಾನದಲ್ಲಿ ಅದು ಹೇಗೆ ತಾಳಿತು, ಆಮೇಲೆ ಏನೇನು ರಿಪೇರಿ ಮಾಡಿದೆ ಅನ್ನೋದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಜಾಗದ ಪರಿಚಯ. ಗ್ಲಾಸ್ಟರ್‌ಶೈರ್‌ನಲ್ಲಿ ಸೆವರ್ನ್ ಮತ್ತು ಏವನ್ ನದಿಗಳು ಕೂಡುವಲ್ಲಿ ಟ್ಯೂಕ್ಸ್‌ಬರಿ ಅನ್ನೋ ಸಣ್ಣ ಊರಿದೆ. 1471ರ ಮೇ 4ರಂದು ಆ ಊರಿನ ಹೊರಗೆ, ಇಂಗ್ಲೆಂಡಿನ ಸಿಂಹಾಸನಕ್ಕಾಗಿ, ಯಾರ್ಕ್ ಮನೆತನದ ದೊರೆ ನಾಲ್ಕನೇ ಎಡ್ವರ್ಡ್‌ನ ಸೈನ್ಯಕ್ಕೂ ಲ್ಯಾಂಕಾಸ್ಟರ್ ಪಕ್ಷದ ಸೈನ್ಯಕ್ಕೂ ಕದನವಾಯಿತು. ಲ್ಯಾಂಕಾಸ್ಟರ್ ಪಕ್ಷ ಸೋತಿತು. ಆ ಪಕ್ಷದ ರಾಣಿ ಮಾರ್ಗರೆಟ್‌ಗೆ ಇದ್ದ ಒಬ್ಬನೇ ಮಗ, 17 ವರ್ಷದ ರಾಜಕುಮಾರ ಎಡ್ವರ್ಡ್, ಅಂದೇ ಸತ್ತ. ಈಗ ಪ್ರತಿ ವರ್ಷ ಜುಲೈಯಲ್ಲಿ ಒಂದು ಶನಿವಾರ, ಭಾನುವಾರ ಅಲ್ಲಿ ಮಧ್ಯಯುಗದ ಹಬ್ಬ ನಡೆಯುತ್ತದೆ. ಬೇರೆ ಬೇರೆ ಕಡೆಯ ಗುಂಪುಗಳು ಬಂದು ಡೇರೆ ಹಾಕಿ, ಆ ಕದನವನ್ನು ಮತ್ತೆ ಆಡಿ ತೋರಿಸುತ್ತವೆ. ಕೆಲಸಕ್ಕೆಂದು ಈ ಕಡೆ ಬಂದ ಮೇಲೆ ನಾನೂ ಒಂದು ಗುಂಪು ಸೇರಿದೆ. ನನ್ನ ಜಾಗ ಬಿಲ್‌ಗಾರರ ಸಾಲಿನಲ್ಲಿ. ಬಿಲ್ ಅಂದರೆ ಉದ್ದ ಕೋಲಿನ ತುದಿಗೆ ಕೊಕ್ಕೆ ಮತ್ತು ಅಲಗು ಇರುವ ಆಯುಧ. ಬೇಲಿ ಸವರುವ ಮಚ್ಚಿನಿಂದಲೇ ಬೆಳೆದು ಬಂದದ್ದು. ನಾವು ಹಿಡಿಯುವ ಬಿಲ್‌ಗಳಿಗೆ ಹರಿತ ಇರೋದಿಲ್ಲ, ಆದರೆ ಪೆಟ್ಟು ಪೆಟ್ಟೇ. ಹಾಗಾಗಿ ದಪ್ಪ ಅಂಗಿ ಬರೀ ವೇಷಕ್ಕಲ್ಲ, ಅದು ನಿಜಕ್ಕೂ ಬೇಕು.

ಅಂಗಡಿಯಲ್ಲಿ ಹೊಲಿದಿಟ್ಟದ್ದು ಸಿಗುತ್ತದೆ. ಆದರೆ ಅಗ್ಗದವುಗಳ ಒಳಗೆ ಪಾಲಿಯೆಸ್ಟರ್ ತುಂಬಿರುತ್ತಾರೆ. ಬೆವರು ಹೀರುವುದಿಲ್ಲ. ಇನ್ನೂ ಮುಖ್ಯವಾದ ವಿಷಯ, ರಾತ್ರಿ ಎಲ್ಲರೂ ಬೆಂಕಿ ಸುತ್ತ ಕೂತಿರುತ್ತೇವೆ. ಕಿಡಿ ಹಾರಿದರೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಲಿನನ್ ಮೇಲೆ ಬಿದ್ದ ಕಿಡಿಯನ್ನು ಕೈಯಿಂದ ಒರೆಸಿದರೆ ಸಣ್ಣ ತೂತು ಉಳಿಯುತ್ತದೆ, ಅಷ್ಟೆ. ನಮ್ಮ ಗುಂಪಿನ ನಿಯಮವೂ ಅದೇ: ಹೊರಗೆ ಕಾಣುವ ಹೊಲಿಗೆಯೆಲ್ಲ ಕೈಹೊಲಿಗೆ, ಬಟ್ಟೆ ಲಿನನ್, ಉಣ್ಣೆ ಅಥವಾ ಆ ಕಾಲಕ್ಕೆ ಒಪ್ಪುವಂಥದ್ದು.

ಹಳೆಯ ಕಾಗದಗಳು ಏನು ಹೇಳುತ್ತವೆ

ಜ್ಯಾಕ್ ಹೊಲಿಯಲು ಹೊರಟವರಿಗೆ ದೊಡ್ಡ ಆಧಾರ ಫ್ರಾನ್ಸಿನ ಹನ್ನೊಂದನೇ ಲೂಯಿ ದೊರೆಯ ಕಾಲದ ಒಂದು ಆಜ್ಞೆ. ಅದರಲ್ಲಿ ಜ್ಯಾಕ್ ಹೇಗಿರಬೇಕು ಅಂತ ದರ್ಜಿಗೆ ಹೇಳಿದಷ್ಟು ವಿವರವಾಗಿದೆ. 30 ಪದರ ಬಟ್ಟೆ, ಕಡಿಮೆ ಅಂದರೂ 25, ಜೊತೆಗೆ ಒಂದು ಜಿಂಕೆಯ ಚರ್ಮ. ಬಟ್ಟೆ ಬಳಸಿ ಬಳಸಿ ಮೆತ್ತಗಾಗಿರಬೇಕು. ನಾಲ್ಕು ತುಂಡಾಗಿ ಕತ್ತರಿಸಿ ಜೋಡಿಸಬೇಕು. ಕಂಕುಳ ಕಡೆ ಸಡಿಲ ಇರಬೇಕು. ತೋಳಿನ ಸಂದು ಭುಜದ ಮೂಳೆಯ ಮೇಲೆ ಬರಬಾರದು, ಕುತ್ತಿಗೆ ಕಡೆಗೆ ಸರಿದಿರಬೇಕು. ಕಾಲರ್ ಹಿಂದೆ ಜಾಸ್ತಿ ಎತ್ತರ ಇರಬಾರದು, ಯಾಕಂದ್ರೆ ಸ್ಯಾಲೆಟ್ ಅನ್ನೋ ಶಿರಸ್ತ್ರಾಣದ ಹಿಂಬದಿ ಅಲ್ಲಿಗೆ ಇಳಿದಿರುತ್ತದೆ. ಮುಂದೆ ಹಗ್ಗ ಹಾಕಿ ಕಟ್ಟಬೇಕು, ಆ ಸಂದಿನ ಕೆಳಗೆ ಅಷ್ಟೇ ದಪ್ಪದ ಇನ್ನೊಂದು ಪಟ್ಟಿ ಇರಬೇಕು.

ಇಂಗ್ಲೆಂಡಿನದೇ ಇನ್ನೊಂದು ಆಧಾರ ಸರ್ ಜಾನ್ ಹೊವರ್ಡ್ ಅನ್ನೋ ಶ್ರೀಮಂತನ ಮನೆಯ 1460ರ ದಶಕದ ಲೆಕ್ಕದ ಪುಸ್ತಕ. ತನಗೊಂದು ರಕ್ಷಣೆಯ ಅಂಗಿ ಮಾಡಿಕೊಡಲು ಅವನು ದರ್ಜಿಗೆ ಏನೇನು ಬಟ್ಟೆ ಕೊಟ್ಟ ಅಂತ ಅದರಲ್ಲಿದೆ: 18 ಪದರ ಬಿಳಿ ಫಸ್ಟಿಯನ್, 4 ಪದರ ಲಿನನ್, ಹೊರಗೆ ಒಂದು ಪದರ ಕಪ್ಪು ಫಸ್ಟಿಯನ್. ಫಸ್ಟಿಯನ್ ಅಂದರೆ ಹಾಸು ಲಿನನ್, ಹೊಕ್ಕು ಹತ್ತಿ ಇರುವ ಬಟ್ಟೆ. 1483ರಲ್ಲಿ ಲಂಡನ್ನಿನಲ್ಲಿದ್ದ ಡೊಮಿನಿಕ್ ಮಾಂಚಿನಿ ಅನ್ನೋ ಇಟಲಿಯವನು ಬೇರೆ ಬಗೆಯದನ್ನೂ ನೋಡಿದ್ದ, ಒಳಗೆ ನಾರು ತುಂಬಿದ್ದು. ಅಂಗಿ ಮೆತ್ತಗಿದ್ದಷ್ಟೂ ಬಾಣ, ಕತ್ತಿಯ ಪೆಟ್ಟು ಚೆನ್ನಾಗಿ ತಡೆಯುತ್ತದೆ ಅಂತ ಇಲ್ಲಿನವರು ಹೇಳುತ್ತಾರೆ ಅಂತ ಅವನು ಬರೆದಿಟ್ಟಿದ್ದಾನೆ.

ಈ ಮೆತ್ತಗಿನ ಮಾತೇ ನನ್ನನ್ನು ಹಿಡಿದದ್ದು. ಧಾರವಾಡ ಕಡೆಯ ಮನೆಯಲ್ಲಿ ಬೆಳೆದವನಿಗೆ ಇದು ಹೊಸದಲ್ಲ. ನಮ್ಮವ್ವ ಕೌದಿ ಹೊಲಿಯುತ್ತಾಳೆ. ಹಳೇ ಸೀರೆ, ಹಳೇ ಧೋತರ ಪದರ ಪದರ ಹಾಸಿ, ಸಾಲು ಸಾಲು ಹೊಲಿದರೆ ಕೌದಿ. ಫೋನಿನಲ್ಲಿ ವಿಷಯ ಹೇಳಿದ ಕೂಡಲೇ ಅವಳು ಹೇಳಿದ್ದು ಇಷ್ಟು: “ಹೊಸಾ ಬಟ್ಟಿ ತಗೋಬ್ಯಾಡ ತಮ್ಮಾ. ಸೂಜಿ ಇಳಿಯೂದಿಲ್ಲ. ಒಗದೊಗದು ಸವದಿದ್ದು ಹುಡುಕು.” ಲೂಯಿ ದೊರೆಯ ಆಜ್ಞೆ ಅವಳು ಓದಿಲ್ಲ, ಓದುವ ಅಗತ್ಯವೂ ಅವಳಿಗಿಲ್ಲ.

ಬಟ್ಟೆ

ಇಲ್ಲಿನ ಹಳೇ ಸಾಮಾನಿನ ಸಂತೆಗಳಲ್ಲಿ ಫ್ರಾನ್ಸಿನ ಹಳೆಯ ಲಿನನ್ ಹಾಸಿಗೆ ಹೊದಿಕೆಗಳು ಸಿಗುತ್ತವೆ. ದಪ್ಪಗೆ, ಭಾರವಾಗಿ, ಮೂಲೆಯಲ್ಲಿ ಯಾರದೋ ಹೆಸರಿನ ಅಕ್ಷರ ಕಸೂತಿ ಮಾಡಿರುತ್ತಾರೆ. ನಡುವೆ ಸವೆದು ಹರಿದವು ಕಡಿಮೆ ಬೆಲೆಗೆ ಬರುತ್ತವೆ. ನನಗೆ ಬೇಕಿದ್ದದ್ದೂ ಅವೇ. ಅಂಚು ಗಟ್ಟಿ ಇರುತ್ತದೆ, ನಡುಭಾಗ ರೇಷ್ಮೆಯಷ್ಟು ಮೆತ್ತಗೆ. ಕಸೂತಿ ಅಕ್ಷರ ಇದ್ದ ಮೂಲೆಗಳನ್ನು ಕತ್ತರಿಸಿ ಬೇರೆ ತೆಗೆದಿಟ್ಟೆ. ಅವನ್ನು ಕವಚದೊಳಗೆ ಹೊಲಿದು ಮುಚ್ಚಲು ಮನಸ್ಸಾಗಲಿಲ್ಲ.

ಲಿನನ್ ಹೌದೋ ಅಲ್ಲವೋ ಅಂತ ನೋಡೋದು ಸುಲಭ. ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಅದು ಲಿನನ್ ಇಲ್ಲವೇ ಹತ್ತಿ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಲಿನನ್‌ಗೂ ಹತ್ತಿಗೂ ಇರುವ ವ್ಯತ್ಯಾಸ ಎಳೆಯ ಹುರಿ ಬಿಚ್ಚಿ ಎಳೆದರೆ ಗೊತ್ತಾಗುತ್ತದೆ. ಹತ್ತಿಯ ನಾರು ಗಿಡ್ಡ, ಬೇಗ ಬಿಟ್ಟುಕೊಂಡು ತುದಿ ಜುಂಗು ಜುಂಗಾಗುತ್ತದೆ. ಲಿನನ್ ನಾರು ಉದ್ದ, ತಡೆದು ತಡೆದು ಪಟ್ಟನೆ ತುಂಡಾಗುತ್ತದೆ. ಅಂದ ಹಾಗೆ, ಲಿನನ್ ಬರೋದು ಅಗಸೆ ಗಿಡದ ಕಾಂಡದಿಂದ. ನಮ್ಮ ಕಡೆ ರೊಟ್ಟಿ ಜೊತೆ ತಿನ್ನುವ ಅಗಸಿ ಚಟ್ನಿಯ ಅದೇ ಅಗಸೆ. ನಾವು ಬೀಜ ತಿಂದೆವು, ಇವರು ನಾರು ಉಟ್ಟರು.

ಪದರ ಎಷ್ಟು? 30 ಹಾಕಬೇಕೆಂಬ ಆಸೆ ಇತ್ತು. ಲೆಕ್ಕ ಹಾಕಿದೆ. ತೋಳಿಲ್ಲದ, ತೊಡೆಯ ಮೇಲ್ಭಾಗದವರೆಗೆ ಬರುವ ಅಂಗಿಗೆ ಒಂದು ಪದರಕ್ಕೆ ಹತ್ತಿರ ಹತ್ತಿರ ಒಂದು ಚದರ ಮೀಟರ್ ಬಟ್ಟೆ ಬೇಕು. ಈ ಹೊದಿಕೆಗಳು ಚದರ ಮೀಟರಿಗೆ 200 ಗ್ರಾಂನಷ್ಟು ತೂಗುತ್ತವೆ. 30 ಪದರಕ್ಕೆ 6 ಕಿಲೋ, ಅದರ ಮೇಲೆ ಹೊರಬಟ್ಟೆ, ಅಸ್ತರು, ದಾರ. ನಿಜವಾದ ಬಾಣ ಬರುವುದಿದ್ದರೆ ಅದನ್ನೇ ಹೊಲಿಯುತ್ತಿದ್ದೆ. ನಮ್ಮ ಬಾಣಗಳ ತುದಿಯಲ್ಲಿ ರಬ್ಬರ್ ಇರುತ್ತದೆ. ಹಾಗಾಗಿ ಮೈಗೆ 16 ಪದರ, ಪೆಟ್ಟು ಬೀಳುವ ಭುಜಕ್ಕೆ ಇನ್ನೂ 4 ಪದರದ ಪಟ್ಟಿ ಅಂತ ತೀರ್ಮಾನಿಸಿದೆ. ಹೊರಗೆ ಮಾಸಲು ಬಿಳಿ ಫಸ್ಟಿಯನ್. ಒಟ್ಟು ತೂಕ ನಾಲ್ಕು ಕಿಲೋ ಒಳಗೆ ಬಂತು.

ಕತ್ತರಿಸುವ ಮೊದಲು ಎಲ್ಲವನ್ನೂ ಬಿಸಿನೀರಲ್ಲಿ ಒಗೆದು ಒಣಗಿಸಿದೆ. ಹಳೇ ಬಟ್ಟೆಯೂ ಸ್ವಲ್ಪ ಕುಗ್ಗುತ್ತದೆ. 16 ಪದರ ಒಂದೊಂದು ಒಂದೊಂದು ರೀತಿ ಕುಗ್ಗಿದರೆ ಇಡೀ ಅಂಗಿ ಮುದುಡಿಕೊಳ್ಳುತ್ತದೆ.

ಕತ್ತರಿಸುವುದು

ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಇಲ್ಲೇ. ಕೌದಿ ಚಪ್ಪಟೆ, ಮೈ ಚಪ್ಪಟೆ ಅಲ್ಲ. 16 ಪದರ ಸೇರಿದರೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಎದೆಯ ಸುತ್ತ ಅದನ್ನು ಸುತ್ತಿದಾಗ ಹೊರಗಿನ ಪದರ ಒಳಗಿನದಕ್ಕಿಂತ ದೊಡ್ಡ ಸುತ್ತು ಹಾಕಬೇಕು. ಒಂದು ಸೆಂಟಿಮೀಟರ್ ದಪ್ಪಕ್ಕೆ ಸುತ್ತಳತೆ ಆರು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿಯಾಗುತ್ತದೆ. ನಾಲ್ಕು ತುಂಡಿಗೆ ಹಂಚಿದರೆ ತುಂಡಿಗೆ ಒಂದೂವರೆ ಸೆಂಟಿಮೀಟರ್. ಅಂದರೆ ಒಳಗಿಂದ ಹೊರಕ್ಕೆ ಬರುತ್ತ ಪ್ರತಿ ಪದರವೂ ಒಂದು ಮಿಲಿಮೀಟರ್ ಅಗಲ ಹೆಚ್ಚಬೇಕು. ಎಲ್ಲ ಪದರ ಒಂದೇ ಅಳತೆಗೆ ಕತ್ತರಿಸಿ ಹೊಲಿದರೆ ಒಳಗಿನವು ಮಡಿಕೆ ಮಡಿಕೆಯಾಗಿ ಪಕ್ಕೆಲುಬಿಗೆ ಒತ್ತುತ್ತವೆ. ಹೊರಗಿನದು ಬಿಗಿಯಾಗಿ ಎಳೆದು ಅಂಗಿ ಮರದ ಹಲಗೆಯಂತಾಗುತ್ತದೆ.

ನಾಲ್ಕು ನಾಲ್ಕು ಪದರದ ಕಟ್ಟು ಮಾಡಿಕೊಂಡು ಕಟ್ಟಿಗೆ ನಾಲ್ಕು ಮಿಲಿಮೀಟರ್ ಹೆಚ್ಚಿಸುತ್ತ ಹೋದೆ. ಅಷ್ಟು ಸಾಕು. ಸಂದಿನ ಕಡೆ ಅಂಚುಗಳನ್ನು ಮೆಟ್ಟಿಲಿನ ಹಾಗೆ ಬಿಟ್ಟೆ, ಒಳಪದರಗಳು ಮುಂಚೆಯೇ ನಿಲ್ಲುತ್ತವೆ. ಎರಡು ತುಂಡು ಸೇರುವಲ್ಲಿ ಗಂಟು ಬರಬಾರದಲ್ವಾ.

ತೋಳಿನ ಕಂಡಿಗೆ ಮೊದಲು ಹಳೇ ಬಟ್ಟೆಯಲ್ಲಿ ಒಂದೇ ಪದರದ ಮಾದರಿ ಹೊಲಿದು ತೊಟ್ಟು ನೋಡಿದೆ. ಈಗಿನ ಅಂಗಿಯ ಹಾಗೆ ಭುಜದ ತುದಿಗೆ ಕಂಡಿ ಇಟ್ಟರೆ ಕೈ ಎತ್ತಿದಾಗ ಇಡೀ ಅಂಗಿ ಮೇಲಕ್ಕೆ ಬರುತ್ತದೆ, ಕಾಲರ್ ಗದ್ದಕ್ಕೆ ಬಡಿಯುತ್ತದೆ. ಆಜ್ಞೆಯಲ್ಲಿ ಹೇಳಿದಂತೆ ಕುತ್ತಿಗೆ ಕಡೆಗೆ ಸರಿಸಿದರೆ ಕೈ ಎಷ್ಟು ಎತ್ತಿದರೂ ಅಂಗಿ ಕೂತಲ್ಲೇ ಕೂತಿರುತ್ತದೆ. ಬಿಲ್ ಹಿಡಿದು ತಲೆಯ ಮೇಲಿಂದ ಬೀಸುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಆ ಸಾಲು ಬರೆಸಿದವನು ಯಾರೇ ಇರಲಿ, ಇದನ್ನು ತೊಟ್ಟು ಕೈ ಆಡಿಸಿ ನೋಡಿದವನೇ.

ಹೊಲಿಗೆ

ಮೊದಲು ಕಚ್ಚಾ ಹೊಲಿಗೆ. ಪದರಗಳನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಉದ್ದುದ್ದ ಟಾಕು ಹಾಕಿ ಹಿಡಿದಿಟ್ಟೆ. ನಮ್ಮಲ್ಲಿ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತ ಒಳಕ್ಕೆ ಬರುತ್ತಾರೆ. ಜ್ಯಾಕ್‌ಗೆ ಅದು ಒಗ್ಗುವುದಿಲ್ಲ. ಬಟ್ಟೆ ನಡುವೆ ಉಬ್ಬಿದರೆ ಸರಿಸಲು ಜಾಗವೇ ಇರೋದಿಲ್ಲ. ನಡುಸಾಲು ಮೊದಲು, ಆಮೇಲೆ ಎಡಕ್ಕೊಂದು ಬಲಕ್ಕೊಂದು.

ಸಾಲಿನಿಂದ ಸಾಲಿಗೆ ಮೂರು ಸೆಂಟಿಮೀಟರ್. ಮೂರೆಳೆಯ ಲಿನನ್ ದಾರ, ಅದಕ್ಕೆ ಜೇನುಮೇಣ. ಮೇಣದ ಉಂಡೆಯ ಮೇಲೆ ದಾರ ಇಟ್ಟು ಹೆಬ್ಬೆರಳಿಂದ ಒತ್ತಿ ಎಳೆದರೆ ಒಂದು ಸಣ್ಣ ಕಿರ್ರೆನ್ನುವ ಸದ್ದು ಬರುತ್ತದೆ, ಮೇಣ ಹಿಡಿಯಿತು ಅಂತ ಅರ್ಥ. ಮೇಣ ಹಿಡಿದ ದಾರ 16 ಪದರ ದಾಟುವಾಗ ಸವೆಯೋದಿಲ್ಲ, ಟಾಕು ಬಿಗಿದ ಮೇಲೆ ಜಾರೋದೂ ಇಲ್ಲ.

ಕೌದಿಯಲ್ಲಿ ಅವ್ವ ಸೂಜಿಯ ಮೇಲೆ ನಾಲ್ಕೈದು ಟಾಕು ಒಟ್ಟಿಗೆ ಏರಿಸಿ ಒಮ್ಮೆಗೇ ಎಳೆಯುತ್ತಾಳೆ. ಇಲ್ಲಿ ಅದು ಆಗದು. ಒಂದು ಸಲ ನೇರ ಕೆಳಗೆ, ಎಳೆದು, ಒಂದು ಸಲ ನೇರ ಮೇಲೆ. ಸೂಜಿ ಸ್ವಲ್ಪ ಓರೆಯಾದರೂ ಹಿಂಬದಿಯಲ್ಲಿ ಸಾಲು ಸೊಟ್ಟ ಬರುತ್ತದೆ. ಬೆರಳಿಗೆ ಲೋಹದ ಟೊಪ್ಪಿ ಹಾಕಿ ದಬ್ಬಬೇಕು, ಇನ್ನೊಂದು ಕೈಯಲ್ಲಿ ಚಿಕ್ಕ ಇಕ್ಕಳದಿಂದ ಎಳೆಯಬೇಕು. ಒಂದು ತುಂಡಿಗೆ ಏಳು ಮೀಟರ್, ನಾಲ್ಕಕ್ಕೆ ಸೇರಿ 28 ಮೀಟರ್ ಹೊಲಿಗೆ. ಚಳಿಗಾಲದ ಸಂಜೆಗಳು ಇದರಲ್ಲೇ ಕಳೆದವು. ನನಗೆ ಬೇಸರ ಅನ್ನಿಸಲಿಲ್ಲ.

ಒಂದು ವಿಷಯ ಮರೆಯದೆ ಹೇಳಬೇಕು. ತುಂಡನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಹೊಲಿಯಬೇಡಿ. ಮೊಣಕಾಲ ಮೇಲೆ ಬಗ್ಗಿಸಿಟ್ಟುಕೊಂಡು, ಹೊರಮೈ ಮೇಲೆ ಬರುವ ಹಾಗೆ ಹೊಲಿಯಿರಿ. ಹೆಚ್ಚು ಕತ್ತರಿಸಿದ್ದ ಆ ಮಿಲಿಮೀಟರುಗಳೆಲ್ಲ ಆಗ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಹೊಲಿದು ಮುಗಿಸಿದ ತುಂಡನ್ನು ನೆಲದ ಮೇಲಿಟ್ಟರೆ ಅದು ತಾನಾಗಿಯೇ ಕಮಾನಿನಂತೆ ನಿಲ್ಲುತ್ತದೆ.

ನಾಲ್ಕೂ ತುಂಡುಗಳ ಅಂಚಿಗೆ ಪಟ್ಟಿ ಕಟ್ಟಿ, ಅಂಚಿಗೆ ಅಂಚು ತಾಗಿಸಿ, ದಪ್ಪ ದಾರದಲ್ಲಿ ಸುತ್ತುಹೊಲಿಗೆ ಹಾಕಿದೆ. ಮುಂದಿನ ಕಸೆಗೆ ತೂತು ಬೇಕಲ್ಲ, ಅದನ್ನು ಕತ್ತರಿಯಿಂದ ಕತ್ತರಿಸಲೇಬಾರದು. ದಬ್ಬಳ ಚುಚ್ಚಿ, ಆಡಿಸಿ, ಎಳೆಗಳನ್ನು ಪಕ್ಕಕ್ಕೆ ಸರಿಸಿ ತೂತು ಮಾಡಬೇಕು. ಎಳೆ ತುಂಡಾಗದೆ ಇದ್ದರೆ ತೂತಿನ ಬಾಯಿ ಹರಿಯೋದಿಲ್ಲ. ಸುತ್ತ ಒತ್ತೊತ್ತಾಗಿ ಟಾಕು, ನಡುನಡುವೆ ಮತ್ತೆ ದಬ್ಬಳ ಹಾಕಿ ಅಗಲ ಮಾಡುತ್ತ ಹೋಗಬೇಕು. ಕಸೆಯನ್ನು ಬೆರಳಿಗೆ ಐದು ಕುಣಿಕೆ ಹಾಕಿಕೊಂಡು ಹೆಣೆದೆ. ತುದಿಗೆ ಹಿತ್ತಾಳೆ ತಗಡು ಸುರುಳಿ ಸುತ್ತಿ, ಸಣ್ಣ ಪಿನ್ ಬಡಿದೆ.

ಮೈದಾನ

ಶನಿವಾರ ಬೆಳಗ್ಗೆ ತಪಾಸಣೆ. ಆಯುಧಗಳ ಅಂಚಿನ ಮೇಲೆ ಬೆರಳು ಆಡಿಸಿ ನೋಡುತ್ತಾರೆ, ಶಿರಸ್ತ್ರಾಣದ ಪಟ್ಟಿ ಎಳೆದು ನೋಡುತ್ತಾರೆ. ಜ್ಯಾಕ್ ನೋಡಿದ ನಮ್ಮ ಸಾಲಿನ ಹಿರಿಯರೊಬ್ಬರು ಭುಜದ ಮೇಲೆ ಮುಷ್ಟಿಯಿಂದ ಎರಡು ಸಲ ಗುದ್ದಿ, ಒಳಗೆ ಏನು ತುಂಬಿದೆ ಅಂತ ಕೇಳಿದರು. ಬರೀ ಹಾಸಿಗೆ ಹೊದಿಕೆ ಅಂದೆ. ತೋಳಿನ ಕಂಡಿ ಯಾರು ಕತ್ತರಿಸಿದ್ದು ಅಂತ ಮತ್ತೆ ಕೇಳಿದರು. ಅಷ್ಟು ಸಾಕಾಯಿತು ನನಗೆ.

ಒಳಗೆ ತೆಳು ಲಿನನ್ ಅಂಗಿ. ಅದರ ಮೇಲೆ ಎರಡು ಪದರದ, ತೋಳಿಲ್ಲದ ಗಿಡ್ಡ ಅಂಗಿ, ಕಾಲುಚೀಲಗಳನ್ನು ಅದಕ್ಕೇ ಕಟ್ಟೋದು. ಅದರ ಮೇಲೆ ಜ್ಯಾಕ್. ಕಾಲಿನ ಬಟ್ಟೆಯ ಎಳೆತ ಒಳಗಿನ ಅಂಗಿಗೆ ಹೋಗುವುದರಿಂದ ಜ್ಯಾಕ್ ಮೈಮೇಲೆ ಸ್ವತಂತ್ರವಾಗಿ ಕೂರುತ್ತದೆ. ಹೀಗೆ ತೊಟ್ಟರೆ ಜ್ಯಾಕ್ ಒಳಗೆ ಮನುಷ್ಯ ತೇಲಿದ ಹಾಗಿರುತ್ತಾನೆ ಅನ್ನೋದೂ ಆ ಲೂಯಿಯ ಆಜ್ಞೆಯ ಮಾತೇ.

ನಾವು ಲ್ಯಾಂಕಾಸ್ಟರ್ ಕಡೆ, ಸಾಮರ್ಸೆಟ್ ಡ್ಯೂಕ್‌ನ ಪಡೆ. 1471ರಲ್ಲಿ ಆ ಪಡೆ ತನ್ನ ಜಾಗ ಬಿಟ್ಟು ಮುನ್ನುಗ್ಗಿತ್ತು. ಎಡ್ವರ್ಡ್ ದೊರೆ ಪಕ್ಕದ ಕಾಡಿನಲ್ಲಿ 200 ಈಟಿಗಾರರನ್ನು ಮೊದಲೇ ನಿಲ್ಲಿಸಿದ್ದ. ಅವರು ಪಕ್ಕದಿಂದ ಬಿದ್ದರು, ಪಡೆ ಒಡೆದು ಚೆಲ್ಲಾಪಿಲ್ಲಿಯಾಯಿತು. ಹಾಗಾಗಿ ನಮ್ಮ ಪಾಲಿಗೆ ಬಂದದ್ದು ಮೊದಲು ನುಗ್ಗೋದು, ಆಮೇಲೆ ಓಡೋದು, ಕೊನೆಗೆ ಬೀಳೋದು. ಸಾಲಿಗೆ ಸಾಲು ತಾಗಿದಾಗ ಬಿಲ್‌ಗಳು ಕಟಕಟನೆ ಹೆಣೆದುಕೊಳ್ಳುತ್ತವೆ. ತಲೆಗೆ ಹೊಡೆಯುವಂತಿಲ್ಲ, ತಿವಿಯುವಂತಿಲ್ಲ, ಪೆಟ್ಟು ಭುಜಕ್ಕೆ ಮತ್ತು ತೋಳಿನ ಮೇಲ್ಭಾಗಕ್ಕೆ. ಭುಜದ ಮೇಲೆ ಬಿದ್ದದ್ದು ದಬ್ಬಿದ ಹಾಗೆ ಗೊತ್ತಾಗುತ್ತಿತ್ತು, ನೋವು ಇಲ್ಲ. 20 ಪದರ ತಮ್ಮ ಕೆಲಸ ಮಾಡಿದವು. ತೋಳಿಗೆ ಏನೂ ಇರಲಿಲ್ಲ, ಅಲ್ಲಿ ನೀಲಿ ಗುರುತು ಬಂತು.

ಸೆಕೆ ವಿಪರೀತ ಇತ್ತು. ಕದನದ ಹಿಂದಿನ ದಿನವೂ ಹಾಗೇ ಇತ್ತಂತೆ. ಆ ಕಾಲದ ವರದಿಯೊಂದು ಹೇಳೋದು: ಎಡ್ವರ್ಡ್‌ನ ಸೈನ್ಯ ಬಿಸಿಲಲ್ಲಿ ಮೂವತ್ತು ಮೈಲಿಯಷ್ಟು ನಡೆದು ಬಂದಾಗ ದಾರಿಯಲ್ಲಿ ಒಂದೇ ಒಂದು ಸಣ್ಣ ಹಳ್ಳ ಸಿಕ್ಕಿತು, ಅದನ್ನೂ ಗಾಡಿಗಳು ಕಲಕಿ ಕೆಸರು ಮಾಡಿಬಿಟ್ಟವು. ನಮಗೆ ನೀರು ಹೊತ್ತವರು ಸಾಲಿನ ನಡುವೆ ಬಂದು ಕುಡಿಸುತ್ತಿದ್ದರು. ಜ್ಯಾಕ್ ಬೆವರಿಗೆ ಪೂರ್ತಿ ನೆನೆಯಿತು. ನೆನೆದ ಮೇಲೆ ತಂಪಾಯಿತು ಅನ್ನೋದು ನಾನು ಎಣಿಸಿರದ ಲಾಭ. ಗಾಳಿ ಬೀಸಿದಾಗಲೆಲ್ಲ ಬೆನ್ನು ತಣ್ಣಗಾಗುತ್ತಿತ್ತು. ಪಕ್ಕದಲ್ಲಿ ಉಕ್ಕಿನ ಕವಚ ತೊಟ್ಟವರು ಕೈಗವಸು ಕಳಚಿ ಕೂತಿದ್ದರು.

ಭಾನುವಾರ ಬೆಳಗ್ಗೆ ಊರೊಳಗಿನ ಅಬೆಗೆ, ಅಂದರೆ ಹಳೇ ಮಠದ ದೊಡ್ಡ ಚರ್ಚಿಗೆ, ಹೋದೆ. ರಾಜಕುಮಾರ ಎಡ್ವರ್ಡ್‌ನನ್ನು ಹೂಳಿದ್ದು ಅಲ್ಲೇ. ಛಾವಣಿಯಲ್ಲಿ ಗೆದ್ದ ಯಾರ್ಕ್ ಮನೆತನದ ಸೂರ್ಯನ ಗುರುತುಗಳಿವೆ. ಒಂದು ಬಾಗಿಲಿನ ಒಳಮೈಗೆ ಕಬ್ಬಿಣದ ತಗಡುಗಳನ್ನು ಬಡಿದಿದ್ದಾರೆ, ಕದನದಲ್ಲಿ ಸಿಕ್ಕ ಕವಚದ ತುಂಡುಗಳು ಅಂತ ಹೇಳುತ್ತಾರೆ. ದೊಡ್ಡವರ ಕಬ್ಬಿಣ ಬಾಗಿಲಾಗಿಯಾದರೂ ಉಳಿಯಿತು. ಕಾಲಾಳುಗಳ ಬಟ್ಟೆ ಎಲ್ಲಿ ಉಳಿಯಬೇಕು? ಚಿಂದಿಯಾಯಿತು, ಕೊಳೆಯಿತು. ಆ ಶತಮಾನದ ಇಂಥ ಅಂಗಿಗಳು ಜರ್ಮನಿಯ ಲ್ಯೂಬೆಕ್, ಸ್ಟೆಂಡಾಲ್‌ನಂಥ ಕೆಲವೇ ಕಡೆ ಉಳಿದುಕೊಂಡಿವೆ. ಸಾವಿರಗಟ್ಟಲೆ ಜನ ತೊಟ್ಟಿದ್ದ ಬಟ್ಟೆ ಅದು. ಅದರೊಳಗೆ ಕೈ ಹೇಗೆ ಆಡುತ್ತಿತ್ತು, ಮೈ ಹೇಗೆ ಬೆವರುತ್ತಿತ್ತು ಅಂತ ತಿಳಿಯಬೇಕಾದರೆ ಹೊಲಿದು ತೊಡಲೇಬೇಕು. ನಾನು ಈ ಕೆಲಸಕ್ಕೆ ಕೈಹಾಕಿದ್ದಕ್ಕೆ ಇದೇ ಕಾರಣ.

ಆಮೇಲಿನ ರಿಪೇರಿ

ಮನೆಗೆ ಬಂದ ಕೂಡಲೇ ಒಳಮೈ ಹೊರಗೆ ಮಾಡಿ, ಅಗಲವಾದ ಹ್ಯಾಂಗರಿಗೆ ಹಾಕಿ, ಗಾಳಿಗೆ ಇಟ್ಟೆ. ಹೊರಗೆ ಒಣಗಿದ ಹಾಗೆ ಕಂಡರೂ ನಡುಪದರಗಳಲ್ಲಿ ತೇವ ಉಳಿದಿರುತ್ತದೆ. ಹಾಗೇ ಮಡಚಿಟ್ಟರೆ ಬೂಸ್ಟು ಖಂಡಿತ. ಒಗೆಯೋದಿಲ್ಲ. ಉಪ್ಪಿನ ಕಲೆ ಇದ್ದಲ್ಲಿ ಮಾತ್ರ ಒದ್ದೆ ಬಟ್ಟೆಯಿಂದ ಒತ್ತಿ ತೆಗೆದೆ.

ಬಲಗಂಕುಳ ಕೆಳಗೆ ಸುತ್ತುಹೊಲಿಗೆ ಒಂದು ಗೇಣು ಬಿಟ್ಟಿತ್ತು. ಬಿಲ್ ಬೀಸುವಾಗ ಎಳೆತ ಬೀಳೋದು ಅಲ್ಲೇ. ಹಳೆಯ ದಾರ ಬಿಚ್ಚಿ, ಜೋಡು ದಾರದಲ್ಲಿ ಮತ್ತೆ ಹೊಲಿದು, ಕಂಕುಳಿನ ಕೆಳತುದಿಯಲ್ಲಿ ಎರಡು ಬೆರಳು ಜಾಗವನ್ನು ಹಾಗೇ ತೆರೆದು ಬಿಟ್ಟೆ. ಗಾಳಿಯೂ ಆಡುತ್ತದೆ, ಎಳೆತವೂ ತಪ್ಪುತ್ತದೆ. ಒಂದು ಕಸೆಯ ಹಿತ್ತಾಳೆ ತುದಿ ಕಳೆದುಹೋಗಿತ್ತು, ಹೊಸದು ಬಡಿದೆ. ಎದೆಯ ಮೇಲೆ ಕಿಡಿ ಬಿದ್ದು ಎರಡು ತೂತಾಗಿದ್ದವು, ಹೊರಪದರ ಮಾತ್ರ. ಅವಕ್ಕೆ ತೇಪೆ ಹಾಕಿದೆ.

ಈಗ ತೋಳುಗಳ ಕೆಲಸ ಶುರುವಾಗಿದೆ. ಆಜ್ಞೆಯ ಪ್ರಕಾರ ತೋಳೂ ಮೈಯಷ್ಟೇ ಗಟ್ಟಿ ಇರಬೇಕು, ಚರ್ಮ ಮಾತ್ರ ಬೇಡ. ನಾನು ಹೊರಬದಿಗೆ 12 ಪದರ, ಒಳಬದಿಗೆ 6 ಅಂತ ಇಟ್ಟುಕೊಂಡಿದ್ದೇನೆ. ಮೊಣಕೈ ಬಗ್ಗಬೇಕಲ್ಲ, ಅಲ್ಲಿ ಅಡ್ಡಸಾಲಿನ ಹೊಲಿಗೆ ಹಾಕಿ ನೋಡುವ ಯೋಚನೆ ಇದೆ. ತೋಳನ್ನು ಮೈಗೆ ಹೊಲಿಯದೆ ಭುಜದ ಮೇಲೆ ಕಸೆಯಿಂದ ಕಟ್ಟುತ್ತೇನೆ, ಸೆಕೆಯಾದರೆ ಬಿಚ್ಚಿಡಬಹುದು. ಬಟ್ಟೆ ಕತ್ತರಿಸಿ ಆಗಿದೆ, ಎಡತೋಳಿಗೆ ಕಚ್ಚಾ ಹೊಲಿಗೆ ಬಿದ್ದಿದೆ.